ಪುಡಿಯಾಗಿ ಬಂದ ಎಫ್‌ಜಿಎಫ್-2: ಯಾವುದರಲ್ಲಿ ಕರಗಿಸುವುದು, ಹೇಗೆ ಇಡುವುದು, ಎರಡು ಲಾಟ್‌ಗಳನ್ನು ಹೇಗೆ ಹೋಲಿಸುವುದು?

ಕೋಶಕೃಷಿ:

ಎಲ್ಲರಿಗೂ ನಮಸ್ಕಾರ. ಹ್ಯೂಮನ್ ಐಪಿಎಸ್ ಕೋಶಗಳಿಗೆ (ಯಾವ ಬಗೆಯ ಕೋಶವಾಗಿಯೂ ಬದಲಾಗಬಲ್ಲ ಕಾಂಡಕೋಶಗಳು) ಇ8 ಮೀಡಿಯಾವನ್ನು, ಅಂದರೆ ಅವನ್ನು ಬೆಳೆಸುವ ಪೋಷಕ ದ್ರಾವಣವನ್ನು, ಲ್ಯಾಬಿನಲ್ಲೇ ತಯಾರಿಸುತ್ತೇವೆ. ಅದಕ್ಕೆ ಬೇಕಾದ ರಿಕಾಂಬಿನಂಟ್ ಹ್ಯೂಮನ್ ಎಫ್‌ಜಿಎಫ್-2 (ಕೋಶಗಳಿಗೆ ಬೆಳೆಯುವ ಸಿಗ್ನಲ್ ಕೊಡುವ ಪ್ರೋಟೀನ್, ಅಂದರೆ ಗ್ರೋತ್ ಫ್ಯಾಕ್ಟರ್) ಇಷ್ಟು ದಿನ ದ್ರಾವಣದ ರೂಪದಲ್ಲಿ ಸಿಗುತ್ತಿತ್ತು, ಈ ಸಲ ಪುಡಿಯಾಗಿ ಬಂದಿದೆ. 50 ಮೈಕ್ರೋಗ್ರಾಂ ವಯಲ್, ಇ. ಕೋಲೈನಲ್ಲಿ ತಯಾರಾದದ್ದು, 154 ಅಮೈನೋ ಆಮ್ಲ, 17.2 ಕಿಲೋಡಾಲ್ಟನ್, ಕ್ಯಾರಿಯರ್-ಫ್ರೀ (ಆಲ್ಬುಮಿನ್‌ನಂಥ ಬೇರೆ ಪ್ರೋಟೀನ್ ಬೆರೆಸದ್ದು). ಎಂಡೊಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷಾಂಶ) ಪ್ರತಿ ಮೈಕ್ರೋಗ್ರಾಂಗೆ 1 ಇಯುಗಿಂತ (ಎಂಡೊಟಾಕ್ಸಿನ್ ಯೂನಿಟ್) ಕಡಿಮೆ ಎಂದಿದೆ. ಎರಡು ಲಾಟ್‌ಗಳಿವೆ, ಅಂದರೆ ಬೇರೆ ಬೇರೆ ಸಲ ತಯಾರಾದವು. ಸರ್ಟಿಫಿಕೇಟ್ ಪ್ರಕಾರ ಒಂದರ ಇಡಿ50 (ಗರಿಷ್ಠ ಪರಿಣಾಮದ ಅರ್ಧದಷ್ಟು ತರುವ ಸಾಂದ್ರತೆ) ಪ್ರತಿ ಮಿ.ಲೀ.ಗೆ 0.25 ನ್ಯಾನೋಗ್ರಾಂ, ಇನ್ನೊಂದರದು 0.5.

ಡೇಟಾಶೀಟ್‌ನಲ್ಲಿ ‘ಸ್ಟೆರೈಲ್ ನೀರು ಅಥವಾ ಬಫರಿನಲ್ಲಿ ಕರಗಿಸಿ’ ಎಂದಷ್ಟೇ ಇದೆ. ಪಿಬಿಎಸ್ (ಫಾಸ್ಫೇಟ್ ಮತ್ತು ಉಪ್ಪಿನ ಬಫರ್) ಸಾಕೆ? ಬಿಎಸ್‌ಎ (ದನದ ಸೀರಮ್‌ನ ಆಲ್ಬುಮಿನ್) ಹಾಕಲೇಬೇಕೆ? ಆಲ್ಬುಮಿನ್ ಇಲ್ಲದೆ ಕೋಶ ಬೆಳೆಸುವುದೇ ಇ8ನ ಉದ್ದೇಶ, ಹಾಗಾಗಿ ಬಿಎಸ್‌ಎ ಸೇರಿಸಲು ಮನಸ್ಸಿಲ್ಲ. ಇಡಿ50 ಎರಡರಷ್ಟು ಬೇರೆ ಇರುವುದರಿಂದ ಮಿ.ಲೀ. ಮೀಡಿಯಾಕ್ಕೆ ಒಂದು ಲಾಟ್ 100, ಇನ್ನೊಂದು 200 ನ್ಯಾನೋಗ್ರಾಂ ಹಾಕಬೇಕೆ? ಇನ್ನೊಂದು ವಿಷಯ. ಶನಿವಾರ ಸಂಜೆ ಮೀಡಿಯಾ ಬದಲಿಸಿ ಸೋಮವಾರ ಬೆಳಿಗ್ಗೆ ನೋಡಿದರೆ ಕೆಲವು ಕಾಲೊನಿಗಳ ಅಂಚು ಹರಡಿ ಚಪ್ಪಟೆಯಾಗಿರುತ್ತದೆ. ಭಾನುವಾರವೂ ಬದಲಿಸಿದ ಪ್ಲೇಟ್‌ಗಳಲ್ಲಿ ಹೀಗಾಗುವುದಿಲ್ಲ. ಇದಕ್ಕೂ ಎಫ್‌ಜಿಎಫ್‌ಗೂ ಸಂಬಂಧ ಇದೆಯೇ?


ಹೆಪಾರಿನ್‌ಕಾಲಂ:

ಸಂಬಂಧ ಇದೆ, ಆದರೆ ಅದನ್ನು ಕೊನೆಗೆ ನೋಡೋಣ. ಮೊದಲು ವಯಲ್.

ಫ್ರೀಜರಿನಿಂದ ತೆಗೆದ ವಯಲ್‌ನ ಮುಚ್ಚಳ ತಕ್ಷಣ ತೆರೆಯಬೇಡಿ. ಕೋಣೆಯ ತಾಪಕ್ಕೆ ಬರಲು 15–20 ನಿಮಿಷ ಕೊಡಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಒಳಗೆ ಇಳಿದು ಪುಡಿ ಒದ್ದೆಯಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಇದನ್ನು ಕಡೆಗಣಿಸುವಂತೆಯೇ ಇಲ್ಲ. ಆಮೇಲೆ ಅರ್ಧ ನಿಮಿಷ ಸೆಂಟ್ರಿಫ್ಯೂಜ್ ಮಾಡಿ. 50 ಮೈಕ್ರೋಗ್ರಾಂ ಪ್ರೋಟೀನ್ ಕಣ್ಣಿಗೆ ಕಾಣುವುದಿಲ್ಲ. ಬಿಳಿಯಾಗಿ ಏನಾದರೂ ಕಂಡರೆ ಅದು ಬಹುಪಾಲು ಉಪ್ಪು ಅಥವಾ ಟ್ರೆಹಲೋಸ್ ಎಂಬ ಸಕ್ಕರೆ. ಸಾಗಣೆಯಲ್ಲಿ ಅದರ ಒಂದು ಭಾಗ ಮುಚ್ಚಳದ ಒಳಗೆ ಅಂಟಿರುತ್ತದೆ. ತಿರುಗಿಸದೆ ತೆರೆದರೆ ಅಷ್ಟು ಹೋಯಿತು.

ಸರ್ಟಿಫಿಕೇಟ್‌ನಲ್ಲಿ ಯಾವ ಬಫರಿನಿಂದ ಲಯೋಫಿಲೈಸ್ ಮಾಡಿದ್ದಾರೆ (ಹೆಪ್ಪುಗಟ್ಟಿಸಿ ಒಣಗಿಸಿದ್ದಾರೆ) ಎಂಬ ಸಾಲು ಹುಡುಕಿ. ಟ್ರಿಸ್ (ಪಿಎಚ್ ಕಾಯುವ ಬಫರ್) ಮತ್ತು ಉಪ್ಪು ಈಗಾಗಲೇ ಪುಡಿಯಲ್ಲಿದ್ದರೆ ನೀರು ಹಾಕಿದಾಗ ಅದೇ ಬಫರ್ ಮರಳಿ ಬರುತ್ತದೆ. ಅದರ ಮೇಲೆ ಪಿಬಿಎಸ್ ಹಾಕಿದರೆ ಉಪ್ಪಿನ ಪ್ರಮಾಣ ಏರುತ್ತದೆ, ಅಷ್ಟೆ. ಉಪ್ಪಿಲ್ಲದ ಪುಡಿಯಾದರೆ 5 ಮಿಲಿಮೋಲಾರ್ ಟ್ರಿಸ್, ಪಿಎಚ್ 7.6, ಈ ಪ್ರೋಟೀನ್‌ಗೆ ಒಗ್ಗಿದ ಬಫರ್.

ಈಗ ಕರಗಿಸುವುದು. ವಯಲ್‌ಗೆ 250 ಮೈಕ್ರೋಲೀಟರ್ ಟ್ರಿಸ್ ಹಾಕಿ. ಗೋಡೆಯ ಉದ್ದಕ್ಕೂ ಇಳಿಯಲು ಬಿಡಿ, ನಿಧಾನವಾಗಿ ಹೊರಳಿಸಿ, 10 ನಿಮಿಷ ಹಾಗೇ ಬಿಡಿ. ವೋರ್ಟೆಕ್ಸ್ ಬೇಡ, ಪಿಪೆಟ್‌ನಲ್ಲಿ ನೊರೆ ಬರುವಂತೆ ಮೇಲೆ ಕೆಳಗೆ ಎಳೆಯುವುದೂ ಬೇಡ. ಗಾಳಿ ಮತ್ತು ನೀರು ಸೇರುವ ಮೇಲ್ಮೈಯಲ್ಲಿ ಪ್ರೋಟೀನ್ ಬಿಚ್ಚಿಕೊಂಡು ಹಾಲಿನ ಕೆನೆಯಂತೆ ಪದರ ಕಟ್ಟುತ್ತದೆ. ನೊರೆ ಎಂದರೆ ಅಂಥ ಮೇಲ್ಮೈಯನ್ನೇ ಹೆಚ್ಚಿಸಿದಂತೆ. ಈಗ ನಿಮ್ಮಲ್ಲಿರುವುದು ಮಿ.ಲೀ.ಗೆ 200 ಮೈಕ್ರೋಗ್ರಾಂ. ಇದಕ್ಕೆ 0.2 ಶೇಕಡ ಆಲ್ಬುಮಿನ್ ಇರುವ ಅದೇ ಟ್ರಿಸ್ ಬಫರನ್ನು ಇನ್ನೊಂದು 250 ಮೈಕ್ರೋಲೀಟರ್ ಸೇರಿಸಿದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಎಫ್‌ಜಿಎಫ್, 0.1 ಶೇಕಡ ಆಲ್ಬುಮಿನ್. 50 ಮೈಕ್ರೋಲೀಟರಿನಂತೆ ಹಂಚಿ. ಪ್ರತಿ ಟ್ಯೂಬಿನಲ್ಲಿ 5 ಮೈಕ್ರೋಗ್ರಾಂ, ಅಂದರೆ 50 ಮಿ.ಲೀ. ಮೀಡಿಯಾಕ್ಕೆ 100 ನ್ಯಾನೋಗ್ರಾಂ ಲೆಕ್ಕದಲ್ಲಿ ಸರಿಯಾಗಿ ಒಂದು ಟ್ಯೂಬ್. ಹತ್ತು ಟ್ಯೂಬ್ ಎಂಬುದು ಕಾಗದದ ಲೆಕ್ಕ. ಟಿಪ್ ಮತ್ತು ವಯಲ್‌ನಲ್ಲಿ ಉಳಿಯುವುದನ್ನು ಕಳೆದರೆ ಕೊನೆಯ ಟ್ಯೂಬ್ ತುಂಬುವುದಿಲ್ಲ. ಅದನ್ನು ಗುರುತು ಮಾಡಿ ಪರೀಕ್ಷೆಗೆ ಇಟ್ಟುಕೊಳ್ಳಿ.

ಆಲ್ಬುಮಿನ್ ಏಕೆ ಬೇಕು ಅಂದರೆ, ಈ ಪ್ರೋಟೀನ್‌ನ ಪಿಐ (ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್) ಸುಮಾರು 9.6. ಪಿಎಚ್ 7.6ರಲ್ಲಿ ಅದು ಧನ ಆವೇಶದ್ದು, ಗಾಜಿನ ಮೇಲ್ಮೈ ಋಣ ಆವೇಶದ್ದು. ಗಾಜಿನ ಬಾಟಲಿಗೆ ಗಟ್ಟಿಯಾಗಿ ಅಂಟುತ್ತದೆ, ಪಾಲಿಪ್ರೊಪಿಲೀನ್‌ಗೂ ಸ್ವಲ್ಪ ಅಂಟುತ್ತದೆ. ದ್ರಾವಣ ತೆಳುವಾದಷ್ಟೂ ಗೋಡೆಗೆ ಹೋಗುವ ಪಾಲು ಹೆಚ್ಚು. 0.1 ಶೇಕಡ ಆಲ್ಬುಮಿನ್ ಎಂದರೆ ಮಿ.ಲೀ.ಗೆ 1 ಮಿಲಿಗ್ರಾಂ, ಎಫ್‌ಜಿಎಫ್‌ನ ಹತ್ತು ಪಟ್ಟು. ಗೋಡೆಯನ್ನು ಅದೇ ಆಕ್ರಮಿಸಿಕೊಳ್ಳುತ್ತದೆ. ಲೋ-ಬೈಂಡ್ ಟ್ಯೂಬ್ ಬಳಸಿ, ಜೊತೆಗೆ ಆಲ್ಬುಮಿನ್ ಕೂಡ ಇರಲಿ.

ಇ8 ಬಗ್ಗೆ ನಿಮ್ಮ ಅಳುಕು ಅರ್ಥವಾಗುತ್ತದೆ. ಸ್ಟಾಕ್ ಅನ್ನು 1:1000 ಬೆರೆಸಿದಾಗ ಮೀಡಿಯಾದಲ್ಲಿ ಉಳಿಯುವ ಆಲ್ಬುಮಿನ್ ಮಿ.ಲೀ.ಗೆ 1 ಮೈಕ್ರೋಗ್ರಾಂ ಮಾತ್ರ. ಪ್ರಾಣಿಮೂಲದ್ದು ಬೇಡವೇ ಬೇಡ ಎಂದಾದರೆ ರಿಕಾಂಬಿನಂಟ್ ಹ್ಯೂಮನ್ ಆಲ್ಬುಮಿನ್ ಸಿಗುತ್ತದೆ, ಅದನ್ನು ಹಾಕಿ. ಯಾವುದಾದರೂ ಸರಿ, ಎಂಡೊಟಾಕ್ಸಿನ್ ಕಡಿಮೆ ಇರುವ ದರ್ಜೆಯದ್ದಿರಲಿ. ಲೇಬಲಿಂಗ್ ಅಥವಾ ಬೀಡ್‌ಗೆ ಜೋಡಿಸುವ ಕೆಲಸಕ್ಕಾದರೆ ಮಾತ್ರ ಕ್ಯಾರಿಯರ್ ಇಲ್ಲದ್ದೇ ಬೇಕು, ಇಲ್ಲವಾದರೆ ಡೈ ಎಲ್ಲ ಆಲ್ಬುಮಿನ್‌ಗೆ ಹೋಗುತ್ತದೆ.

ಫಿಲ್ಟರ್: ಆಲ್ಬುಮಿನ್ ಬಫರನ್ನು ಮೊದಲು 0.22 ಮೈಕ್ರಾನ್‌ನಲ್ಲಿ ಸೋಸಿ, ನಂತರ ಪ್ರೋಟೀನ್ ಸೇರಿಸಿ. ಮೀಡಿಯಾವನ್ನೂ ಹಾಗೆಯೇ ಗ್ರೋತ್ ಫ್ಯಾಕ್ಟರ್ ಇಲ್ಲದೆ ಸೋಸಿ, ಕೊನೆಗೆ ಸ್ಟೆರೈಲ್ ಅಲಿಕ್ವಾಟ್ (ಹಂಚಿಟ್ಟ ಟ್ಯೂಬಿನಲ್ಲಿರುವುದನ್ನು) ಹಾಕಿ. ಎಫ್‌ಜಿಎಫ್ ಹಾಕಿದ ಮೇಲೆ ಸೋಸಿದರೆ ಮೆಂಬ್ರೇನ್ ಎಷ್ಟು ಹಿಡಿದಿಟ್ಟುಕೊಂಡಿತು ಎಂದು ಲೆಕ್ಕ ಸಿಗುವುದಿಲ್ಲ.


ತುಂಗಾತೀರ:

ಮೇಲಿನ ಉತ್ತರಕ್ಕೆ ಪಿಬಿಎಸ್ ಬಗ್ಗೆ ಒಂದು ಮಾತು ಸೇರಿಸಬೇಕು. ಕರಗಿಸಿ ಅಂದೇ ಬಳಸುವುದಾದರೆ ಪಿಬಿಎಸ್‌ನಿಂದ ತೊಂದರೆಯಿಲ್ಲ. ಹೆಪ್ಪುಗಟ್ಟಿಸುವುದಾದರೆ ಬೇಡ. ಸೋಡಿಯಂ ಫಾಸ್ಫೇಟ್ ಬಫರ್ ನಿಧಾನವಾಗಿ ಹೆಪ್ಪುಗಟ್ಟುವಾಗ ಡೈಸೋಡಿಯಂ ಫಾಸ್ಫೇಟ್ ಮೊದಲು ಹರಳಾಗಿ ಬೇರ್ಪಡುತ್ತದೆ. ಉಳಿದ ದ್ರವದಲ್ಲಿ ಆಮ್ಲೀಯ ರೂಪವೇ ಹೆಚ್ಚಾಗಿ ಪಿಎಚ್ 4ರ ಹತ್ತಿರದವರೆಗೂ ಇಳಿಯಬಹುದು. ಎಫ್‌ಜಿಎಫ್-2ಗೆ ಆಮ್ಲ ಆಗಿಬರುವುದಿಲ್ಲ. ಕರಗಿದ ಮೇಲೆ ಪಿಎಚ್ ಪೇಪರ್ ಮತ್ತೆ 7.4 ತೋರಿಸುತ್ತದೆ, ದ್ರಾವಣವೂ ತಿಳಿಯಾಗಿ ಕಾಣುತ್ತದೆ, ಚಟುವಟಿಕೆ ಮಾತ್ರ ಕುಸಿದಿರುತ್ತದೆ.

ಟ್ರಿಸ್‌ಗೂ ಅದರದೇ ಸ್ವಭಾವವಿದೆ. ತಾಪ ಒಂದು ಡಿಗ್ರಿ ಇಳಿದಂತೆ ಪಿಎಚ್ ಸುಮಾರು 0.03 ಏರುತ್ತದೆ. 25 ಡಿಗ್ರಿಯಲ್ಲಿ 7.6 ಮಾಡಿದ್ದು 4 ಡಿಗ್ರಿಯಲ್ಲಿ 8.2ರ ಆಸುಪಾಸು. ಈ ಪ್ರೋಟೀನ್ ಅದನ್ನು ತಾಳಿಕೊಳ್ಳುತ್ತದೆ. ಆದರೆ ಪಿಎಚ್ ಹೊಂದಿಸುವುದನ್ನು ಕೋಲ್ಡ್ ರೂಮಿನಲ್ಲಿ ಮಾಡಬೇಡಿ.

ಇ8ಗೆ ಟಿಜಿಎಫ್-ಬೀಟಾ1 ಕೂಡ ಹಾಕುತ್ತೀರಿ, ಮಿ.ಲೀ.ಗೆ 2 ನ್ಯಾನೋಗ್ರಾಂ. ಅದನ್ನು ಕರಗಿಸುವುದು ಆಮ್ಲದಲ್ಲಿ, ಸಾಮಾನ್ಯವಾಗಿ 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಆಲ್ಬುಮಿನ್. ಎರಡೂ ಗ್ರೋತ್ ಫ್ಯಾಕ್ಟರ್‌ಗಳೇ ಎಂದು ಒಂದೇ ಬಫರ್ ಬಳಸಿದರೆ ಎರಡರಲ್ಲಿ ಒಂದು ಕೆಡುತ್ತದೆ. ಟ್ಯೂಬಿನ ಮುಚ್ಚಳಕ್ಕೆ ಬೇರೆ ಬೇರೆ ಬಣ್ಣ ಇರಲಿ.

ಇನ್ನು ಸಿಸ್ಟೀನ್, ಗಂಧಕ ಇರುವ ಅಮೈನೋ ಆಮ್ಲ. ಎಫ್‌ಜಿಎಫ್-2ರಲ್ಲಿ ನಾಲ್ಕು ಸಿಸ್ಟೀನ್‌ಗಳಿವೆ, ಅವುಗಳಲ್ಲಿ ಎರಡು ಹೊರಮೈಯಲ್ಲಿವೆ. ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಆಕ್ಸಿಡೈಸ್ ಆದರೆ ಒಂದು ಅಣು ಇನ್ನೊಂದಕ್ಕೆ ಡೈಸಲ್ಫೈಡ್‌ನಿಂದ ಕಟ್ಟಿಕೊಂಡು ಗುಂಪಾಗುತ್ತದೆ. ಅದಕ್ಕೇ ಕೆಲವು ತಯಾರಿಕೆಗಳಲ್ಲಿ ಸ್ವಲ್ಪ ಡಿಟಿಟಿ (ಡೈಸಲ್ಫೈಡ್ ಬಿಡಿಸುವ ರಾಸಾಯನಿಕ) ಇರುತ್ತದೆ. ಸ್ಟಾಕ್‌ನಲ್ಲಿ 1 ಮಿಲಿಮೋಲಾರ್ ಇದ್ದರೂ ಮೀಡಿಯಾದಲ್ಲಿ 1 ಮೈಕ್ರೋಮೋಲಾರ್‌ಗೆ ಇಳಿಯುತ್ತದೆ, ಕೋಶಗಳಿಗೆ ತೊಂದರೆಯಿಲ್ಲ. ನಿಮ್ಮ ಪ್ರೋಟೀನ್ ಗುಂಪಾಗಿದೆಯೋ ಎಂದು ನೋಡಲು 15 ಶೇಕಡ ಜೆಲ್ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವುದು) ಓಡಿಸಿ. ಒಂದೇ ಜೆಲ್‌ನ ಎರಡು ಲೇನ್‌ಗಳಲ್ಲಿ ಬೀಟಾ-ಮರ್ಕ್ಯಾಪ್ಟೋಇಥನಾಲ್ (ಡೈಸಲ್ಫೈಡ್ ಬಿಡಿಸುವ ರೆಡ್ಯೂಸಿಂಗ್ ಏಜೆಂಟ್) ಹಾಕಿದ್ದು ಮತ್ತು ಹಾಕದ್ದು, ತಲಾ 1 ಮೈಕ್ರೋಗ್ರಾಂ. ನಡುವೆ ಒಂದು ಖಾಲಿ ಲೇನ್ ಬಿಡಿ, ಇಲ್ಲವಾದರೆ ರೆಡ್ಯೂಸಿಂಗ್ ಏಜೆಂಟ್ ಪಕ್ಕಕ್ಕೆ ಹರಿದು ಎರಡೂ ಒಂದೇ ಥರ ಕಾಣುತ್ತವೆ. ಹಾಕದ ಲೇನ್‌ನಲ್ಲಿ 17ರ ಜೊತೆ 34 ಕಿಲೋಡಾಲ್ಟನ್ ಬಳಿ ಬ್ಯಾಂಡ್ ಇದ್ದು, ಹಾಕಿದ ಲೇನ್‌ನಲ್ಲಿ ಅದು ಮಾಯವಾಗಿದ್ದರೆ ಡೈಸಲ್ಫೈಡ್ ಡೈಮರ್. ಇದನ್ನು ಆಲ್ಬುಮಿನ್ ಸೇರಿಸುವ ಮೊದಲು, ಆ 200 ಮೈಕ್ರೋಗ್ರಾಂ ಹಂತದಲ್ಲೇ ತೆಗೆದ ಸ್ಯಾಂಪಲ್‌ನಿಂದ ಮಾಡಿ.

ಎ280 (280 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದು, ಪ್ರೋಟೀನ್ ಪ್ರಮಾಣದ ಅಳತೆ) ಅಳೆಯುವುದಾದರೂ ಅದೇ ಹಂತದಲ್ಲಿ. 0.1 ಶೇಕಡ ಬಿಎಸ್‌ಎ ಒಂದೇ 0.66ರಷ್ಟು ತೋರಿಸುತ್ತದೆ, ಅದರೊಳಗೆ 100 ಮೈಕ್ರೋಗ್ರಾಂ ಎಫ್‌ಜಿಎಫ್‌ನ ಸುಮಾರು 0.1 ಮುಳುಗಿಹೋಗುತ್ತದೆ.

ಸಂಗ್ರಹ: ಮೈನಸ್ 80. ಫ್ರಾಸ್ಟ್-ಫ್ರೀ ಮನೆಬಳಕೆಯ ಫ್ರೀಜರ್ ಬೇಡ, ಹಿಮ ಕರಗಿಸಲು ಅದು ತಾನೇ ಆಗಾಗ ಬಿಸಿಯಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಟ್ಯೂಬ್‌ಗಳನ್ನು ಐಸ್ ಪ್ಯಾಕ್‌ಗಳ ನಡುವೆ ಥರ್ಮಾಕೋಲ್ ಡಬ್ಬಿಯಲ್ಲಿಡಿ; ಕರೆಂಟ್ ಹೋದಾಗಲೂ ಅದು ಸ್ವಲ್ಪ ಕಾಯುತ್ತದೆ. ಒಮ್ಮೆ ಕರಗಿಸಿದ ಅಲಿಕ್ವಾಟ್ 4 ಡಿಗ್ರಿಯಲ್ಲಿ ಒಂದು ವಾರ, ಮತ್ತೆ ಫ್ರೀಜರಿಗೆ ಹೋಗಬಾರದು.


ಕೋಶಕೃಷಿ:

ತುಂಬಾ ಉಪಯೋಗವಾಯಿತು. ಸರ್ಟಿಫಿಕೇಟ್ ನೋಡಿದೆ, ಟ್ರಿಸ್ ಮತ್ತು ಸೋಡಿಯಂ ಕ್ಲೋರೈಡ್‌ನಿಂದ ಲಯೋಫಿಲೈಸ್ ಮಾಡಿದ್ದು, ಡಿಟಿಟಿ ಇಲ್ಲ. ಹಾಗಾದರೆ ಮೊದಲ 250 ಮೈಕ್ರೋಲೀಟರ್ ನೀರೇ ಹಾಕುತ್ತೇನೆ. ಲಾಟ್‌ಗಳ ವಿಷಯ ಯಾರಾದರೂ ಹೇಳುತ್ತೀರಾ? ಎಲೈಸಾ ಕಿಟ್ (ಆಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವುದು) ನಮ್ಮಲ್ಲಿದೆ, ಅದರಲ್ಲೇ ಹೋಲಿಸಿದರೆ ಸಾಕಾಗುತ್ತದೆಯೇ?


ಅಸ್ಸೇ96:

ಎಲೈಸಾ ಸಾಲದು. ಆಂಟಿಬಾಡಿ ತನಗೆ ಬೇಕಾದ ತುಣುಕು ಕಂಡರೆ ಹಿಡಿಯುತ್ತದೆ, ಆ ಅಣು ರಿಸೆಪ್ಟರ್ ಅನ್ನು ಎಬ್ಬಿಸುತ್ತದೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. 37 ಡಿಗ್ರಿಯಲ್ಲಿ ಕೆಟ್ಟ ಎಫ್‌ಜಿಎಫ್ ಕೂಡ ಎಲೈಸಾದಲ್ಲಿ ಜೀವಂತ ಇದ್ದಂತೆ ಕಾಣಬಹುದು.

ಇಡಿ50 ಲೆಕ್ಕ ಹೀಗೆ: 10 ಲಕ್ಷವನ್ನು ಇಡಿ50ಯಿಂದ ಭಾಗಿಸಿದರೆ ಪ್ರತಿ ಮಿಲಿಗ್ರಾಂಗೆ ಎಷ್ಟು ಯೂನಿಟ್ ಎಂದು ಬರುತ್ತದೆ. 0.25ಕ್ಕೆ 40 ಲಕ್ಷ, 0.5ಕ್ಕೆ 20 ಲಕ್ಷ. ಆದರೆ ಈ ಎರಡು ಸಂಖ್ಯೆಗಳು ಬೇರೆ ಬೇರೆ ದಿನ, ಬೇರೆ ಪ್ಯಾಸೇಜಿನ (ಬೇರೆ ಸಲ ಹೊಸ ಪ್ಲೇಟಿಗೆ ವರ್ಗಾಯಿಸಿದ) 3ಟಿ3 ಎಂಬ ಇಲಿ ಕೋಶಗಳ ಮೇಲೆ ಬಂದಿರುತ್ತವೆ. ಕೋಶದ ಅಸ್ಸೇಯಲ್ಲಿ ಎರಡು ಪಟ್ಟಿನ ವ್ಯತ್ಯಾಸ ಅಸಾಮಾನ್ಯವೇನಲ್ಲ. ಎರಡನ್ನೂ ಒಂದೇ ಪ್ಲೇಟಿನಲ್ಲಿ ಪಕ್ಕಪಕ್ಕ ಇಟ್ಟು ನೋಡದೆ ಡೋಸ್ ಬದಲಿಸಬೇಡಿ.

ನೀವೇ ಮಾಡಬಹುದು. ಎನ್‌ಐಎಚ್ 3ಟಿ3 ಅಥವಾ ಬಾಲ್ಬ್ 3ಟಿ3, 96 ಗುಳಿಯ ಪ್ಲೇಟ್, ಗುಳಿಗೆ 5,000 ಕೋಶ. ಅಂಟಿಕೊಂಡ ಮೇಲೆ ಸೀರಮ್ ಅನ್ನು 0.5 ಶೇಕಡಕ್ಕೆ ಇಳಿಸಿ 24 ಗಂಟೆ ಹಸಿವಿನಲ್ಲಿಡಿ. ಎಫ್‌ಜಿಎಫ್ ಮಿ.ಲೀ.ಗೆ 20 ನ್ಯಾನೋಗ್ರಾಂನಿಂದ ಶುರುಮಾಡಿ ಮೂರು ಪಟ್ಟು ತೆಳುಮಾಡುತ್ತ ಒಂಬತ್ತು ಹಂತ, ಹತ್ತನೆಯದು ಸೊನ್ನೆ. 0.25 ನ್ಯಾನೋಗ್ರಾಂ ನಡುಮಧ್ಯದಲ್ಲಿ ಬೀಳುತ್ತದೆ, ಅದೇ ಬೇಕಾದದ್ದು. ತೆಳುಮಾಡುವ ಮೀಡಿಯಾದಲ್ಲೂ 0.1 ಶೇಕಡ ಆಲ್ಬುಮಿನ್ ಇರಲಿ, ಇಲ್ಲವಾದರೆ ಕೆಳಗಿನ ಹಂತಗಳಲ್ಲಿ ಪ್ರೋಟೀನ್ ಟ್ಯೂಬಿನ ಗೋಡೆಗೇ ಹೋಗಿ ಇಡಿ50 ಸುಳ್ಳಾಗಿ ಏರುತ್ತದೆ. ಪ್ರತಿ ಹಂತಕ್ಕೆ ಟಿಪ್ ಬದಲಿಸಿ. 48 ಗಂಟೆ ಬಿಟ್ಟು ರೆಸಜುರಿನ್ (ಬದುಕಿರುವ ಕೋಶಗಳ ಪ್ರಮಾಣ ತೋರಿಸುವ ಬಣ್ಣ) ಹಾಕಿ 4 ಗಂಟೆಯ ನಂತರ ಓದಿ. ಅಂಚಿನ ಗುಳಿಗಳು ಒಣಗುತ್ತವೆ, ಅಲ್ಲಿ ಬರೀ ಪಿಬಿಎಸ್ ತುಂಬಿ. ನಾಲ್ಕು ಪ್ಯಾರಾಮೀಟರಿನ ವಕ್ರರೇಖೆ ಹೊಂದಿಸಿ, ಎರಡು ಲಾಟ್‌ಗಳ ರೇಖೆಗಳು ಸಮಾಂತರವಾಗಿವೆಯೇ ನೋಡಿ. ಸಮಾಂತರವಿದ್ದರೆ ಅಡ್ಡ ಅಂತರವೇ ಅವುಗಳ ಸಾಪೇಕ್ಷ ಸಾಮರ್ಥ್ಯ. ಇಲ್ಲದಿದ್ದರೆ ಒಂದು ಲಾಟ್‌ನಲ್ಲಿ ಬೇರೇನೋ ಇದೆ, ಆಗ ಒಂದು ಸಂಖ್ಯೆಯಲ್ಲಿ ಹೋಲಿಸಲು ಬರುವುದಿಲ್ಲ. ತುಂಬಾ ಹೆಚ್ಚಿನ ಡೋಸ್‌ನಲ್ಲಿ ರೇಖೆ ಬಾಗಿ ಕೆಳಗಿಳಿದರೆ ಗಾಬರಿ ಬೇಡ, ಎಫ್‌ಜಿಎಫ್-2ಗೆ ಅಂಥ ವರ್ತನೆ ಇದೆ. ಆ ಬಿಂದುಗಳನ್ನು ಹೊಂದಿಕೆಯಿಂದ ಬಿಡಿ.

ಇದಕ್ಕಿಂತ ನಿಮಗೆ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. 100 ನ್ಯಾನೋಗ್ರಾಂ ಎಂದರೆ ಆ ಇಡಿ50ಗಳ 200 ಅಥವಾ 400 ಪಟ್ಟು. ಹಾಕಿದ ಕ್ಷಣದಲ್ಲಿ ಎರಡು ಲಾಟ್‌ಗಳೂ ರಿಸೆಪ್ಟರ್ ತುಂಬಿಸುತ್ತವೆ. ವ್ಯತ್ಯಾಸ ಬರುವುದು ಮರುದಿನ, ಪ್ಲೇಟಿನಲ್ಲಿ ಎಷ್ಟು ಬದುಕುಳಿದಿದೆ ಎಂಬುದರಲ್ಲಿ. ಮೀಡಿಯಾಕ್ಕೆ 100 ನ್ಯಾನೋಗ್ರಾಂ ಬೆರೆಸಿ ಲೋ-ಬೈಂಡ್ ಟ್ಯೂಬ್‌ಗಳಲ್ಲಿ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ 0, 6, 12, 24, 48 ಗಂಟೆ ಇಡಿ. ತೆಗೆದದ್ದನ್ನು ಹೆಪ್ಪುಗಟ್ಟಿಸಿ ಕಾಯುವ ಬದಲು, ಎಲ್ಲವೂ ಒಂದೇ ಹೊತ್ತಿಗೆ ಮುಗಿಯುವಂತೆ ಬೇರೆ ಬೇರೆ ಸಮಯಕ್ಕೆ ಒಳಗಿಡಿ. ನಂತರ 1:100 ತೆಳುಮಾಡಿ 3ಟಿ3 ಪ್ಲೇಟಿಗೆ ಹಾಕಿ, ಹೊಸದಾಗಿ ಕರಗಿಸಿದ ಸ್ಟ್ಯಾಂಡರ್ಡ್ ರೇಖೆಯ ಮೇಲೆ ಓದಿ. ತೆಳುಮಾಡದೆ ಹಾಕಿದರೆ ಎಲ್ಲ ಸ್ಯಾಂಪಲ್‌ಗಳೂ ರೇಖೆಯ ಚಪ್ಪಟೆ ಭಾಗಕ್ಕೆ ಬಿದ್ದು ಏನೂ ಕೆಟ್ಟಿಲ್ಲ ಎಂದು ತೋರುತ್ತದೆ. ಬೇಗ ಉತ್ತರ ಬೇಕಿದ್ದರೆ ರಾತ್ರಿ ಹಸಿವಿನಲ್ಲಿಟ್ಟ 3ಟಿ3 ಕೋಶಗಳಿಗೆ ಅದೇ ತೆಳು ಸ್ಯಾಂಪಲ್ 15 ನಿಮಿಷ ಕೊಟ್ಟು ಫಾಸ್ಫೋ-ಇಆರ್‌ಕೆ (ರಿಸೆಪ್ಟರ್ ಎದ್ದಾಗ ಕೋಶದೊಳಗೆ ಚುರುಕಾಗುವ ಪ್ರೋಟೀನ್) ವೆಸ್ಟರ್ನ್ ಮಾಡಿ, 42 ಮತ್ತು 44 ಕಿಲೋಡಾಲ್ಟನ್ ಜೋಡಿ ಬ್ಯಾಂಡ್. ಒಟ್ಟು ಇಆರ್‌ಕೆ ಕೂಡ ತೋರಿಸಬೇಕು.


ಹೆಪಾರಿನ್‌ಕಾಲಂ:

ಇಲ್ಲಿಂದ ನಿಮ್ಮ ಸೋಮವಾರದ ಪ್ರಶ್ನೆಗೆ ಬರೋಣ. ಮೂಲ ಎಫ್‌ಜಿಎಫ್-2ರ ಚಟುವಟಿಕೆಯ ಅರ್ಧಾಯುಷ್ಯ 37 ಡಿಗ್ರಿಯಲ್ಲಿ ಸುಮಾರು 10 ಗಂಟೆ. 100 ನ್ಯಾನೋಗ್ರಾಂ ಹಾಕಿದರೆ 24 ಗಂಟೆಗೆ 19, ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗಿನ 40 ಗಂಟೆಗೆ 6 ನ್ಯಾನೋಗ್ರಾಂ. ಕೋಶಗಳು ಒಳಗೆಳೆದುಕೊಳ್ಳುವುದನ್ನು ಇದರಲ್ಲಿ ಸೇರಿಸಿಲ್ಲ. ಅಂಚು ಚಪ್ಪಟೆಯಾಗುವುದಕ್ಕೆ ಇದು ಸಾಕು.

ವಾರಾಂತ್ಯಕ್ಕೆ ಮೀಡಿಯಾವನ್ನು ಎರಡು ಪಟ್ಟು ಸುರಿಯುವ ಅಭ್ಯಾಸ ಹಲವು ಕಡೆ ಇದೆ. ಗ್ಲೂಕೋಸ್, ಲ್ಯಾಕ್ಟೇಟ್ ವಿಷಯಕ್ಕೆ ಅದು ಒಳ್ಳೆಯದೇ. ಎಫ್‌ಜಿಎಫ್‌ಗೆ ಅದರಿಂದ ಏನೂ ಆಗುವುದಿಲ್ಲ, ಸಾಂದ್ರತೆ ಅಷ್ಟೇ, ಕೆಡುವ ವೇಗವೂ ಅಷ್ಟೇ. ಡೋಸ್ ಅನ್ನೇ 200 ಮಾಡಿದರೆ ಸಿಗುವುದು ಒಂದು ಅರ್ಧಾಯುಷ್ಯ, ಅಂದರೆ ಇನ್ನೊಂದು 10 ಗಂಟೆ. ದುಡ್ಡು ಎರಡು ಪಟ್ಟು. ಭಾನುವಾರ ಯಾರಾದರೂ ಬಂದು ಮಿ.ಲೀ.ಗೆ 100 ನ್ಯಾನೋಗ್ರಾಂ ಲೆಕ್ಕದಲ್ಲಿ ಸ್ಟಾಕ್ ಅನ್ನು ಪ್ಲೇಟಿಗೇ ಸೇರಿಸಿದರೆ ಮೀಡಿಯಾ ಬದಲಿಸದಿದ್ದರೂ ಸಿಗ್ನಲ್ ಉಳಿಯುತ್ತದೆ.

ಹೆಪಾರಿನ್ (ಋಣ ಆವೇಶದ ಸಕ್ಕರೆ ಸರಪಳಿ) ಸಹಾಯ ಮಾಡುತ್ತದೆ. ಈ ಪ್ರೋಟೀನ್ ಹೆಪಾರಿನ್‌ಗೆ ಎಷ್ಟು ಗಟ್ಟಿಯಾಗಿ ಕೂರುತ್ತದೆಂದರೆ, ಶುದ್ಧಮಾಡುವಾಗ ಹೆಪಾರಿನ್ ಕಾಲಮ್‌ನಿಂದ ಬಿಡಿಸಲು 1.5 ಮೋಲಾರ್ ಆಸುಪಾಸು ಸೋಡಿಯಂ ಕ್ಲೋರೈಡ್ ಬೇಕು. ಎಫ್‌ಜಿಎಫ್-1 ಸುಮಾರು 1 ಮೋಲಾರ್‌ನಲ್ಲೇ ಬಿಡುತ್ತದೆ. ಹೆಪಾರಿನ್‌ಗೆ ಅಂಟಿಕೊಂಡಿರುವಾಗ ಶಾಖ, ಆಮ್ಲ, ಪ್ರೋಟಿಯೇಸ್ ಮೂರನ್ನೂ ಹೆಚ್ಚು ತಡೆಯುತ್ತದೆ. ಮೀಡಿಯಾಕ್ಕೆ ಮಿ.ಲೀ.ಗೆ 1ರಿಂದ 10 ಮೈಕ್ರೋಗ್ರಾಂ ನಡುವೆ ಪ್ರಯತ್ನಿಸಬಹುದು. ಆದರೆ ಐಪಿಎಸ್ ಕೋಶಗಳ ಮೇಲೆ ಹೆಪಾರಿನ್‌ನಂಥದೇ ಹೆಪಾರಾನ್ ಸಲ್ಫೇಟ್ ತಾನಾಗಿಯೇ ಇದೆ, ಹೆಚ್ಚುವರಿ ಹೆಪಾರಿನ್ ಬೇರೆ ಸಿಗ್ನಲ್‌ಗಳಿಗೂ ಕೈಹಾಕುತ್ತದೆ. ಆ ಕೋಶಗಳಿಂದ ಆರ್‌ಎನ್‌ಎ ತೆಗೆದು ಕ್ಯೂಪಿಸಿಆರ್ ಮಾಡುವವರಿದ್ದರೆ ಚೆನ್ನಾಗಿ ತೊಳೆಯಲೇಬೇಕು, ಹೆಪಾರಿನ್ ಉಳಿದರೆ ಪಾಲಿಮರೇಸ್ ನಿಂತುಹೋಗುತ್ತದೆ.

ನನ್ನ ಆಯ್ಕೆ ಶಾಖ ತಡೆಯುವ ರೂಪಾಂತರ. 2018ರಲ್ಲಿ ಚೆಕ್ ಗಣರಾಜ್ಯದ ಸಂಶೋಧಕರು ಒಂಬತ್ತು ಅಮೈನೋ ಆಮ್ಲ ಬದಲಿಸಿದ ಎಫ್‌ಜಿಎಫ್2-ಜಿ3 ಪ್ರಕಟಿಸಿದರು. 37 ಡಿಗ್ರಿಯಲ್ಲಿ ಅರ್ಧಾಯುಷ್ಯ ಏಳು ದಿನಕ್ಕೂ ಮೇಲೆ. ವಾರಾಂತ್ಯ ಬಿಡುವ ಫೀಡಿಂಗ್‌ಗೆ ಇದೇ ಸರಿ.


ಅಸ್ಸೇ96:

ಮೇಲಿನದಕ್ಕೆ ನನ್ನ ಭಿನ್ನಾಭಿಪ್ರಾಯ ಇದೆ. ಜಿ3ಗೆ ಬದಲಾದರೆ ಸಿಗ್ನಲ್ ಏರಿಳಿಯದೆ ನಿರಂತರ ಇರುತ್ತದೆ. ಕೋಶಗಳನ್ನು ಕಾಪಾಡಲು ಅದು ಒಳ್ಳೆಯದು. ಆದರೆ ಡಿಫರೆನ್ಷಿಯೇಷನ್‌ಗೆ (ಕೋಶಗಳನ್ನು ಬೇರೆ ಬಗೆಯ ಕೋಶಗಳಾಗಿ ಮಾರ್ಪಡಿಸುವುದಕ್ಕೆ) ಹೋಗುವಾಗ ಎಫ್‌ಜಿಎಫ್ ತೆಗೆಯಬೇಕಾದ ಪ್ರೋಟೋಕಾಲ್‌ಗಳು ಮೂಲ ಪ್ರೋಟೀನ್ ತಾನಾಗಿ ಕೆಡುತ್ತದೆ ಎಂಬ ಲೆಕ್ಕದಲ್ಲೇ ಹೊಂದಿಸಿದವು. ಉಳಿದ ಜಿ3 ಹಾಗೆ ಹೋಗುವುದಿಲ್ಲ. ಎಫ್‌ಜಿಎಫ್ ಇಲ್ಲದ ಮೀಡಿಯಾದಲ್ಲಿ ಎರಡು ಸಲ ತೊಳೆಯಿರಿ. ಡೋಸನ್ನೂ ಹೊಸದಾಗಿ ಹುಡುಕಬೇಕು, 100 ಬೇಕಾಗುವುದಿಲ್ಲ. ನಡೆಯುತ್ತಿರುವ ಪ್ರಯೋಗದ ಮಧ್ಯದಲ್ಲಿ ಮಾತ್ರ ಬದಲಿಸಬೇಡಿ.


ತುಂಗಾತೀರ:

ಎಲ್ಲರೂ ಪ್ರೋಟೀನ್ ನೋಡುತ್ತಿದ್ದೀರಿ, ಮೀಡಿಯಾ ಬಾಟಲಿಯನ್ನೂ ನೋಡಿ. 500 ಮಿ.ಲೀ. ಪೂರ್ಣ ಇ8 ಬಾಟಲಿಯನ್ನು ದಿನಾ 37 ಡಿಗ್ರಿ ವಾಟರ್ ಬಾತ್‌ನಲ್ಲಿಟ್ಟು, ಬಳಸಿ, ಮತ್ತೆ ಫ್ರಿಜ್‌ಗೆ ಇಟ್ಟರೆ ಪ್ಲೇಟಿಗೆ ಹೋಗುವ ಮೊದಲೇ ಎಫ್‌ಜಿಎಫ್ ಕೆಡಲು ಶುರುವಾಗಿರುತ್ತದೆ. ಬಾಟಲಿಯ ಕೊನೆಯ ಭಾಗ ಬಳಸಿದ ವಾರದಲ್ಲೇ ಅಂಚುಗಳು ಹೆಚ್ಚು ಹರಡುತ್ತಿದ್ದರೆ ಇದನ್ನೇ ಅನುಮಾನಿಸಿ. ಅಂದಿಗೆ ಬೇಕಾದಷ್ಟನ್ನು ಮಾತ್ರ ಬೇರೆ ಟ್ಯೂಬಿಗೆ ತೆಗೆದು ಕೋಣೆಯ ತಾಪಕ್ಕೆ ಬರಲು ಬಿಡಿ. ನಿಮ್ಮ 5 ಮೈಕ್ರೋಗ್ರಾಂ ಟ್ಯೂಬ್‌ಗೆ ತಕ್ಕಂತೆ 50 ಮಿ.ಲೀ. ಮಾತ್ರ ಪೂರ್ಣ ಮೀಡಿಯಾ ಮಾಡಿದರೆ ವಾರದೊಳಗೆ ಮುಗಿಯುತ್ತದೆ, ಹಳೆಯದು ಉಳಿಯುವುದಿಲ್ಲ.

ಎಂಡೊಟಾಕ್ಸಿನ್ ಬಗ್ಗೆ: ಮೈಕ್ರೋಗ್ರಾಂಗೆ 1 ಇಯು ಎಂದರೆ ನಿಮ್ಮ ಮೀಡಿಯಾದಲ್ಲಿ ಮಿ.ಲೀ.ಗೆ ಹೆಚ್ಚೆಂದರೆ 0.1 ಇಯು. ಐಪಿಎಸ್ ಕೋಶಗಳ ಮಟ್ಟಿಗೆ ಚಿಂತೆಯಿಲ್ಲ. ಅದೇ ವಯಲ್ ಅನ್ನು ಪಕ್ಕದ ಬೆಂಚಿನವರು ಮೊನೊಸೈಟ್ ಅಥವಾ ಡೆಂಡ್ರಿಟಿಕ್ ಕೋಶಗಳಿಗೆ ಕೇಳಿದರೆ, 0.1ಕ್ಕಿಂತ ಕಡಿಮೆ ಇರುವ ದರ್ಜೆಯದ್ದನ್ನೇ ಅವರಿಗೆ ತರಿಸಿಕೊಡಿ. ಪ್ರತಿ ಟ್ಯೂಬಿನ ಮೇಲೆ ಲಾಟ್ ಸಂಖ್ಯೆ, ಕರಗಿಸಿದ ದಿನಾಂಕ, ಸಾಂದ್ರತೆ, ಯಾವ ಆಲ್ಬುಮಿನ್ ಎಂಬ ನಾಲ್ಕೂ ಇರಲಿ. ಎರಡು ಲಾಟ್‌ಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ.